ಪಲ್ಲವಿ ನಮಗೆ ಬಿಡಿ

ಹಾಸನದಲ್ಲಿ ಒಂದು ಹಾಡಿನ ಕಾರ್ಯಕ್ರಮ ಹೇಗಿತ್ತು ಅಂತ ತಿಳಿಯಬೇಕಾದರೆ, ಮುಗಿದ ಮೇಲೆ ಸ್ಕೂಟರ್ ನಿಲ್ಲಿಸಿದ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಳಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಕಡೆಯ ಕೇಳುಗರು ವೇದಿಕೆ ಮೇಲಿರುವವರ ಮನಸ್ಸು ನೋಯಿಸುವುದಿಲ್ಲ. ಕೂಗುವುದಿಲ್ಲ, ಮಧ್ಯದಲ್ಲಿ ಎದ್ದು ಹೋಗುವುದೂ ಕಡಿಮೆ. ಹೊರಗೆ ಬಂದು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಾಗ ನಿಜವಾದ ಮಾತು ಶುರುವಾಗುತ್ತದೆ.

“ಕಂಠ ಚೆನ್ನಾಗಿದೆ ಬಿಡಿ. ಆದ್ರೆ ಹಾಡು ಕೆಡಿಸಿಬಿಟ್ರು.”

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸುಗಮ ಸಂಗೀತವಾದರೂ ಇದೇ ಮಾತು, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಆದರೂ ಇದೇ ಮಾತು. ಗೊತ್ತಿರುವ ಹಾಡನ್ನು ಹಾಡುಗಾರರು ಸ್ವಲ್ಪ ಬದಲಾಯಿಸಿದರು, ಕೇಳುಗರಿಗೆ ಸಿಟ್ಟು ಬಂತು. ಅಷ್ಟೇ ಅಂತ ಬಿಟ್ಟುಬಿಡಬಹುದು. ನನಗೆ ಹಾಗೆ ಬಿಡಲು ಮನಸ್ಸು ಬಂದಿಲ್ಲ. ಅಷ್ಟು ಹೊತ್ತು ತಾಳ್ಮೆಯಿಂದ ಕೂತು ಭಾಷಣ ಕೇಳಿದವರು, ಮೈಕು ಕೈಕೊಟ್ಟರೂ ಸುಮ್ಮನಿದ್ದವರು, ಒಂದು ಸಾಲಿನ ಧಾಟಿ ಆಚೀಚೆ ಆದರೆ ಯಾಕೆ ಇಷ್ಟು ನೊಂದುಕೊಳ್ಳುತ್ತಾರೆ?

ಇತ್ತೀಚೆಗೆ ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ಭಾವಗೀತೆ ಕಾರ್ಯಕ್ರಮ ಇತ್ತು. ಹಾಡಿದವರು ಒಳ್ಳೆಯ ಗಾಯಕರು, ಬೇರೆ ಊರಿನವರು. ಜನರಿಗೆ ಬಾಯಿಪಾಠವಾಗಿದ್ದ ಒಂದು ಹಾಡು ಎತ್ತಿಕೊಂಡರು. ಮೊದಲ ಸಾಲು ಬಂದಾಗ ಸಭೆಯಲ್ಲಿ ಒಂದು ಸಣ್ಣ ಗುನುಗು ಎದ್ದಿತು. ನನ್ನ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಗಳ ಕೈ ಹಿಡಿದುಕೊಂಡು ತುಟಿ ಆಡಿಸತೊಡಗಿದರು. ಗಾಯಕರು ಪಲ್ಲವಿಯನ್ನು ತುಂಬಾ ನಿಧಾನ ಮಾಡಿದರು. ಪರವಾಗಿಲ್ಲ, ಜನ ಅದಕ್ಕೂ ಹೊಂದಿಕೊಂಡರು. ಮೊದಲ ಚರಣದಲ್ಲಿ ಬೇರೆ ರಾಗದ ನೆರಳು ತಂದರು. ಅದು ನಿಜವಾಗಿಯೂ ಚೆನ್ನಾಗಿತ್ತು. ಯಾರೋ ‘ಆಹಾ’ ಅಂದರು. ಚರಣ ಮುಗಿದ ಮೇಲೆ ಪಲ್ಲವಿಗೆ ಬರಬೇಕಲ್ವಾ? ಬರಲಿಲ್ಲ. ನೇರವಾಗಿ ಎರಡನೇ ಚರಣಕ್ಕೆ ಹೋದರು. ಅಲ್ಲಿಂದ ಒಂದು ಉದ್ದದ ಆಲಾಪ. ಆಮೇಲೆ ಪಲ್ಲವಿ ಬಂದಾಗ ಅದರ ಧಾಟಿಯೇ ಬೇರೆ, ಶುರುವಾಗುವ ಜಾಗವೂ ಬೇರೆ. ಹಾಡಲು ಬಾಯಿ ತೆರೆದಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಇಟ್ಟು ನಿಂತುಬಿಟ್ಟರು. ಆ ಹೆಂಗಸು ಸುಮ್ಮನಾದರು. ಹಾಡು ಮುಗಿಯುವ ತನಕ ಅವರ ತುಟಿ ಮತ್ತೆ ಅಲುಗಲಿಲ್ಲ.

ಹೊರಗೆ ಒಬ್ಬ ಹಿರಿಯರು ಸಿಕ್ಕರು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಊರಿನಲ್ಲಿ ಯಾವ ಸಂಗೀತ ಕಾರ್ಯಕ್ರಮ ಆದರೂ ಬರುವವರು. “ಚರಣದಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಲಿ ಸ್ವಾಮಿ. ನಾನು ಬೇಡ ಅನ್ನಲ್ಲ. ಆದ್ರೆ ನಾವು ಕಾಯ್ತಾ ಕೂತಿದ್ವಲ್ಲ ಆ ಸಾಲಿಗೆ, ಅದನ್ನಾದ್ರೂ ನಮಗೆ ಬಿಡಬೇಕಾಗಿತ್ತು” ಅಂದರು.

ಅವರ ಆ ಮಾತೇ ಈ ಬರಹಕ್ಕೆ ಕಾರಣ.

ಜನ ಬದಲಾವಣೆಯನ್ನು ಸಹಿಸುವುದಿಲ್ಲ ಅಂತ ಹಾಡುಗಾರರು ಬೇಸರ ಮಾಡಿಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಜನ ತುಂಬಾ ಸಹಿಸುತ್ತಾರೆ. ಶ್ರುತಿ ಇಳಿದರೆ ಸಹಿಸುತ್ತಾರೆ, ಲಯ ನಿಧಾನವಾದರೆ ಸಹಿಸುತ್ತಾರೆ, ಹೊಸ ಸಂಗತಿ, ಅಂದರೆ ಸಾಲಿಗೆ ಹೊಸ ತಿರುವು, ಹಾಕಿದರೆ ಖುಷಿಯೇ ಪಡುತ್ತಾರೆ. ತಾವು ಸೇರಿಕೊಳ್ಳುವ ಜಾಗವನ್ನು ಕಿತ್ತುಕೊಂಡಾಗ ಮಾತ್ರ ಸಹಿಸುವುದಿಲ್ಲ. ನಮ್ಮ ಹೆಚ್ಚಿನ ಹಾಡುಗಳಲ್ಲಿ ಆ ಜಾಗ ಪಲ್ಲವಿ. ಚರಣ ಹಾಡುಗಾರರದು. ಪಲ್ಲವಿ ಕೇಳುಗರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಭಜನೆ ಮನೆಯಲ್ಲಿ ಕೂತು ಬೆಳೆದವರಿಗೆ ಬರೆದಿಡುವ ಅಗತ್ಯವೂ ಇಲ್ಲ. ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಮುಂದೆ ಹೇಳುವವರು ಎಷ್ಟು ಸುತ್ತಿದರೂ ಕೊನೆಗೆ ಎಲ್ಲರೂ ಹಿಡಿಯುವ ಸಾಲಿಗೆ ತಂದು ಬಿಡಬೇಕು.

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರೇ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಸಿ. ಅಶ್ವತ್ಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ, 1939ರ ಡಿಸೆಂಬರ್ 29ರಂದು. ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತಲೇ ನಾಟಕಗಳಿಗೆ ಸಂಗೀತ ಕೊಟ್ಟರು, ಕವಿತೆಗಳಿಗೆ ರಾಗ ಹಾಕಿದರು. ಅವರು ತೀರಿಹೋಗಿದ್ದೂ ಡಿಸೆಂಬರ್ 29ರಂದೇ, 2009ರಲ್ಲಿ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನರ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ. ಭಾವಗೀತೆ ಕೇಳಲು ಒಂದು ಮೈದಾನ ತುಂಬುತ್ತದೆ ಅಂತ ಅದಕ್ಕೆ ಮುಂಚೆ ಯಾರು ನಂಬುತ್ತಿದ್ದರು?

ಅಶ್ವತ್ಥ್ ವೇದಿಕೆ ಮೇಲೆ ಹಾಡನ್ನು ಇದ್ದ ಹಾಗೆ ಹಾಡುವವರಲ್ಲ. ಒಂದು ಪದವನ್ನು ಹಿಡಿದು ಎಳೆಯುತ್ತಿದ್ದರು. ಒಂದು ಸಾಲನ್ನು ಒಮ್ಮೆ ಗದರಿದ ಹಾಗೆ, ಒಮ್ಮೆ ಬೇಡಿಕೊಂಡ ಹಾಗೆ ಹೇಳುತ್ತಿದ್ದರು. ನಾಟಕದ ರಕ್ತ ಅದು. ‘ಅಬ್ಬರ ಜಾಸ್ತಿ, ಕವಿತೆ ಮುಳುಗಿಹೋಗುತ್ತೆ’ ಅನ್ನುವವರನ್ನೂ ನಾನು ಕೇಳಿದ್ದೇನೆ. ಅವರ ಮಾತಿನಲ್ಲಿ ಸ್ವಲ್ಪ ನಿಜ ಇರಬಹುದು. ಆದರೆ ಜನ ಅವರನ್ನು ಬಿಟ್ಟುಕೊಡಲಿಲ್ಲ. ಯಾಕೆ ಅಂದರೆ ಎಷ್ಟೇ ಅಲೆದರೂ ಅವರು ಪಲ್ಲವಿಗೆ ವಾಪಸ್ ಬರುತ್ತಿದ್ದರು, ಬಂದಾಗ ಆ ಸಾಲು ಎಲ್ಲರಿಗೂ ಗೊತ್ತಿರುವ ಸಾಲೇ ಆಗಿರುತ್ತಿತ್ತು. ಕೈ ಎತ್ತಿ ‘ನೀವು ಹಾಡಿ’ ಅನ್ನುವ ಹಾಗೆ ಸಭೆಯ ಕಡೆ ತಿರುಗುತ್ತಿದ್ದರು. ಸಭೆ ಹಾಡುತ್ತಿತ್ತು.

ಶಿಶುನಾಳ ಷರೀಫರ ಪದಗಳ ಕತೆ ಇನ್ನೂ ಸ್ವಾರಸ್ಯದ್ದು. ಷರೀಫರು 1819ರಿಂದ 1889ರವರೆಗೆ ಬದುಕಿದವರು. ಅವರ ಊರು ಈಗಿನ ಹಾವೇರಿ ಜಿಲ್ಲೆಯಲ್ಲಿದೆ. ಆ ಕಡೆಯ ಭಜನಾ ಮೇಳಗಳು ತಲೆಮಾರುಗಳಿಂದ ಆ ಪದಗಳನ್ನು ತಮ್ಮದೇ ಮಟ್ಟಿನಲ್ಲಿ, ಅಂದರೆ ಧಾಟಿಯಲ್ಲಿ, ಹಾಡುತ್ತಾ ಬಂದಿವೆ. ನಮ್ಮ ಹಾಸನದ ಮನೆಗಳಿಗೆ ಅವು ಬಂದಿದ್ದು ಬಹುಪಾಲು ಅಶ್ವತ್ಥರ ಕ್ಯಾಸೆಟ್ ಮೂಲಕ. ಹಾಗಾಗಿ ನಮ್ಮ ಕಿವಿಗೆ ಅಶ್ವತ್ಥರ ಧಾಟಿಯೇ ‘ಒರಿಜಿನಲ್’. 2008ರಲ್ಲಿ ರಘು ದೀಕ್ಷಿತ್ ಅವರ ಆಲ್ಬಂ ಬಂತು. ಗಿಟಾರ್, ಡ್ರಮ್ಸ್ ಜೊತೆ ಅದೇ ಷರೀಫರ ಪದ. ನಮ್ಮ ವಯಸ್ಸಿನವರಲ್ಲಿ ಕೆಲವರು ಮೂಗು ಮುರಿದರು. ಕಾಲೇಜು ಹುಡುಗರಿಗೆ ಅದೇ ಮೊದಲ ಪರಿಚಯ ಆಯಿತು. ಈಗ ಆ ಹುಡುಗರು ಅಶ್ವತ್ಥರ ಧಾಟಿ ಕೇಳಿದರೆ ‘ಇದೇನು, ಬೇರೆ ಥರ ಇದೆಯಲ್ಲ’ ಅನ್ನುತ್ತಾರೆ. ಹಾವೇರಿಯ ಭಜನೆಯವರನ್ನು ಕೂರಿಸಿ ಕೇಳಿದರೆ ಅವರು ಇಬ್ಬರನ್ನೂ ನೋಡಿ ನಗಬಹುದು.

ಅಂದರೆ ‘ಮೂಲ’ ಅನ್ನುವುದು ನಾವು ಮೊದಲು ಕೇಳಿದ್ದು, ಅಷ್ಟೇ. ಇದನ್ನು ಒಪ್ಪಿಕೊಂಡರೂ ಕೇಳುಗರ ನೋವು ಸುಳ್ಳಾಗುವುದಿಲ್ಲ. ಮೊದಲು ಕೇಳಿದ ಧಾಟಿಯ ಜೊತೆ ಅಡುಗೆಮನೆ ಇದೆ, ಹಾಸ್ಟೆಲ್ ರೂಮು ಇದೆ, ತೀರಿಹೋದ ಅಣ್ಣ ಇದ್ದಾನೆ. ಬೆಳಗ್ಗೆ ಹಾಸನ ಆಕಾಶವಾಣಿ ಹಾಕಿಕೊಂಡು ದೋಸೆ ಹುಯ್ಯುತ್ತಿದ್ದ ನನ್ನ ಅಮ್ಮ ಹಾಡಿನ ಯಾವ ಸಾಲಿಗೆ ಸೌಟು ನಿಲ್ಲಿಸುತ್ತಿದ್ದರು ಅಂತ ನನಗೆ ಇವತ್ತೂ ಗೊತ್ತು. ಆ ಸಾಲನ್ನು ಯಾರಾದರೂ ಹಾರಿಸಿ ಹಾಡಿದರೆ ನನಗೆ ಸಂಕಟ ಆಗುತ್ತದೆ. ಆಗಲೇಬೇಕು.

ಸಿನಿಮಾ ಹಾಡಿನ ಮಾತು ಬೇರೆ. ಅಲ್ಲಿ ರೆಕಾರ್ಡಿಂಗೇ ಹಾಡು. ಭಾದ್ರಪದದಲ್ಲಿ ನಮ್ಮ ಊರಿನ ಬೀದಿಗಳಲ್ಲಿ ಗಣಪತಿ ಕೂರಿಸುತ್ತಾರೆ, ಆರ್ಕೆಸ್ಟ್ರಾ ಕರೆಸುತ್ತಾರೆ. ಅಲ್ಲಿ ಜನ ಪಲ್ಲವಿ ಚರಣ ಬಿಡಿ, ಮಧ್ಯದ ಕೊಳಲಿನ ತುಣುಕನ್ನೂ ಬಾಯಲ್ಲಿ ಹಾಡುತ್ತಾರೆ. ಕೀಬೋರ್ಡ್ ನುಡಿಸುವ ಹುಡುಗ ಆ ತುಣುಕನ್ನು ಕ್ಯಾಸೆಟ್ಟಿನಲ್ಲಿದ್ದ ಹಾಗೇ ನುಡಿಸಿದರೆ ಶಿಳ್ಳೆ ಬೀಳುತ್ತದೆ. ರಿದಂ ಪ್ಯಾಡಿನವನು ಒಂದು ‘ರೋಲ್’ ತಪ್ಪಿಸಿದರೆ ಹಿಂದಿನ ಸಾಲಿನ ಹುಡುಗರು ತಿರುಗಿ ನೋಡುತ್ತಾರೆ. ಇದನ್ನು ಕೀಳಾಗಿ ಕಾಣುವವರಿದ್ದಾರೆ, ನಕಲು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಡೀ ಬೀದಿಗೆ ಒಂದು ಹಾಡಿನ ಪ್ರತಿ ಸ್ವರ ಗೊತ್ತಿರುವುದು ದೊಡ್ಡ ಮಾತು. ಆ ಹಾಡು ಮಾಡಿದವರಿಗೆ ಇದಕ್ಕಿಂತ ಹೆಚ್ಚಿನ ಗೌರವ ಯಾವುದು?

ಇಲ್ಲಿ ಇನ್ನೊಂದು ಗಮನಿಸಿ. ಹಾಡನ್ನು ಇದ್ದ ಹಾಗೇ ಹಾಡುವವರು ಆರ್ಕೆಸ್ಟ್ರಾದವರು. ಬದಲಾಯಿಸಿ ಹಾಡುವವರು ಅದನ್ನು ಮೊದಲು ಹಾಡಿದ ಹಿನ್ನೆಲೆ ಗಾಯಕರೇ. ಎಸ್.ಪಿ. ಬಾಲಸುಬ್ರಹ್ಮಣ್ಯಂ ವೇದಿಕೆ ಮೇಲೆ ಹಾಡುವಾಗ ಸಾಲಿನ ತುದಿಗೆ ಹೊಸದೊಂದು ತಿರುವು ಕೊಡುತ್ತಿದ್ದರು, ಮಧ್ಯೆ ನಗುತ್ತಿದ್ದರು, ಜೊತೆಗಾರರನ್ನು ರೇಗಿಸುತ್ತಿದ್ದರು. ಯಾರಿಗೂ ಬೇಸರ ಆಗುತ್ತಿರಲಿಲ್ಲ. ಅವರ ಅಲಂಕಾರಗಳು ಸಾಲಿನ ತುದಿಯಲ್ಲಿ ಇರುತ್ತಿದ್ದವು. ಸಾಲು ಹಾಗೇ ಇರುತ್ತಿತ್ತು. ಸಭೆ ಹಾಡಿ ಮುಗಿಸಿದ ಮೇಲೆ ಅವರು ಇನ್ನೊಂದು ಹೂವು ಇಡುತ್ತಿದ್ದರು.

ರೆಕಾರ್ಡಿಂಗ್ ಅಂದೆನಲ್ಲ. ಭಾರತದಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು, 1902ರಲ್ಲಿ, ಕಲ್ಕತ್ತದಲ್ಲಿ. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಕಾಲದ ತಟ್ಟೆಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹಾಡುವವರು ತಮ್ಮ ರಾಗವನ್ನು ಅಷ್ಟರೊಳಗೆ ಮುಗಿಸಬೇಕಿತ್ತು. ಕೊನೆಯಲ್ಲಿ ಹೆಸರನ್ನೂ ಹೇಳಬೇಕಿತ್ತು. ಹಾಗೆ ಕತ್ತರಿಸಿದ್ದು ಮುದ್ರಣವಾಯಿತು, ಮನೆ ಮನೆಗೆ ಹೋಯಿತು. ಕೇಳಿದವರು ‘ಹಾಡು ಅಂದರೆ ಇಷ್ಟು’ ಅಂದುಕೊಂಡರು. ಆಮೇಲೆ ಅದೇ ಗಾಯಕರು ಸಭೆಯಲ್ಲಿ ಬಿಡುವಾಗಿ ಹಾಡಿದರೆ ‘ತಟ್ಟೆಯಲ್ಲಿ ಹೀಗಿಲ್ಲವಲ್ಲ’ ಅನ್ನಿಸಿರಲೂಬಹುದು. ನಮ್ಮ ಕಿವಿಗೆ ಅಭ್ಯಾಸವಾದ ಅಳತೆಯನ್ನು ಯಂತ್ರ ಕೊಟ್ಟಿದೆ ಅನ್ನುವುದನ್ನು ಮರೆಯಬಾರದು.

ಬದಲಾವಣೆಯೇ ಪ್ರಾಣವಾಗಿರುವ ಸಂಗೀತವೂ ನಮ್ಮ ಜಿಲ್ಲೆಯಲ್ಲೇ ಇದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿ ದಂಡೆಯ ಊರು. ಆ ಒಂದೇ ಊರಿನಿಂದ ಎಷ್ಟೋ ವಿದ್ವಾಂಸರು ಬಂದಿದ್ದಾರೆ. ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ, ಹೀಗೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಧ್ಯಾನಮಂದಿರ ಎದ್ದಿದೆ. ವರ್ಷಕ್ಕೊಮ್ಮೆ ಸಂಗೀತೋತ್ಸವ ನಡೆಯುತ್ತದೆ. ಅಲ್ಲಿ ಕೂತು ಕೇಳುವವರಿಗೆ ತ್ಯಾಗರಾಜರ ಕೀರ್ತನೆ ಹೋದ ವರ್ಷದ ಹಾಗೇ ಬಂದರೆ ಸಪ್ಪೆ ಅನ್ನಿಸುತ್ತದೆ. ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ಬೇಕು, ಅಲ್ಲೇ ಹೊಳೆದ ಹಾಗೆ ಸ್ವರ ಹೆಣೆಯುವ ಕಲ್ಪನಾ ಸ್ವರ ಬೇಕು. ಆ ದಿನ, ಆ ಗಳಿಗೆಯಲ್ಲಿ ಹುಟ್ಟಿದ್ದು ಬೇಕು.

ಹಾಗಾದರೆ ನನ್ನ ಮಾತು ಅಲ್ಲಿ ಸುಳ್ಳಾಯಿತೇ? ನಾನು ಅದನ್ನೇ ನೋಡಲು ಒಮ್ಮೆ ವೇದಿಕೆ ಬಿಟ್ಟು ಕೇಳುಗರ ಕಡೆ ತಿರುಗಿ ಕೂತಿದ್ದೆ. ಎಲ್ಲರ ಕೈಯೂ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಗಾಯಕರು ಸ್ವರ ಹಾಕುತ್ತಾ ಹಾಕುತ್ತಾ ದೂರ ಹೋದರು. ಮೃದಂಗದವರು ಬೆನ್ನು ಹತ್ತಿದರು. ಎಲ್ಲಿಗೆ ಹೋದರೂ ಅವರು ಆ ಒಂದು ಸಾಲಿನ ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಬಂದು ಸೇರಬೇಕು, ತಾಳದ ಅದೇ ಜಾಗದಲ್ಲಿ. ಬಂದು ಸೇರಿದ ಕೂಡಲೇ ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗಿದವು. ಅಲ್ಲಿನ ಕೇಳುಗರು ಬಾಯಲ್ಲಿ ಹಾಡುವುದಿಲ್ಲ. ಅವರ ಪಾಲು ತಾಳ. ಆ ತಾಳವನ್ನು ಯಾರೂ ಅವರಿಂದ ಕಿತ್ತುಕೊಳ್ಳುವುದಿಲ್ಲ. ಅದಕ್ಕೇ ಉಳಿದ ಎಲ್ಲ ಸ್ವಾತಂತ್ರ್ಯವನ್ನೂ ಅವರು ಗಾಯಕರಿಗೆ ಸಂತೋಷದಿಂದ ಕೊಡುತ್ತಾರೆ. ಸಾಹಿತ್ಯವನ್ನು ತಪ್ಪು ಜಾಗದಲ್ಲಿ ಒಡೆದು ಹಾಡಿದರೆ ಮಾತ್ರ ಗೊಣಗುತ್ತಾರೆ. ಅದು ನ್ಯಾಯವಾದ ಗೊಣಗಾಟ.

ಯಕ್ಷಗಾನದಲ್ಲೂ ಇದೇ ಥರದ ಜಗಳ ನಡೆದಿದೆ. ನನ್ನ ಹೆಂಡತಿಯ ತವರು ಕೊಪ್ಪದ ಕಡೆ. ಅಲ್ಲಿ ಹಳಬರು ಕೂತರೆ ಪದ್ಯ ಹಾಡುವ ಭಾಗವತರ ಮಾತು ಬಂದೇ ಬರುತ್ತದೆ. 1990ರಲ್ಲಿ ಚಿಕ್ಕ ವಯಸ್ಸಿಗೇ ತೀರಿಹೋದ ಗುಂಡ್ಮಿ ಕಾಳಿಂಗ ನಾವಡರು ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಭಾಗವತಿಕೆಗೆ ಹೊಸ ರಾಗಗಳನ್ನು ತಂದವರು. ಅದರಿಂದ ಮಟ್ಟು ಹಾಳಾಯಿತು ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾವಡರ ಪದ್ಯ ಕೇಳಲೆಂದೇ ಮೇಳಕ್ಕೆ ಹೋದವರೂ ಲೆಕ್ಕವಿಲ್ಲದಷ್ಟು. ನನ್ನ ಮಾವನವರು ಎರಡನೇ ಗುಂಪಿನವರು. “ರಾಗ ಹೊಸದು ಹೌದು. ಆದ್ರೆ ಕುಣಿಯುವವನಿಗೆ ತಾಳ ಸಿಗ್ತಿತ್ತಲ್ಲ ಮಾರಾಯ್ರೆ” ಅನ್ನುತ್ತಾರೆ. ಅವರ ಪ್ರಕಾರ ಅಲ್ಲಿಗೆ ವಾದ ಮುಗಿಯಿತು.

ಜಗತ್ತಿನಲ್ಲಿ ಈ ಬಗ್ಗೆ ಅತಿ ಹೆಚ್ಚು ಮಾತಾಡಿರುವ ಪ್ರಸಂಗ ಅಮೆರಿಕದ್ದು. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಮತ್ತು ಬ್ಯಾಂಡ್ ಜೊತೆ ವೇದಿಕೆಗೆ ಬಂದರು. ಅದುವರೆಗೂ ಅವರನ್ನು ಒಂಟಿ ಗಿಟಾರಿನ ಜಾನಪದ ಕವಿ ಅಂತ ಪ್ರೀತಿಸಿದ್ದ ಜನ. ಒಂದಷ್ಟು ಮಂದಿ ‘ಬೂ’ ಅಂತ ಕೂಗಿದರು. ಕೂಗಿದ್ದು ಬ್ಯಾಂಡಿಗೋ, ಕೆಟ್ಟ ಸೌಂಡಿಗೋ, ಬೇಗ ಮುಗಿಸಿದ್ದಕ್ಕೋ ಅಂತ ಇವತ್ತಿಗೂ ವಾದ ಇದೆ. ಮುಂದಿನ ವರ್ಷ, 1966ರ ಮೇ 17ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಬ್ಬ ಕೇಳುಗ ಅವರನ್ನು ‘ಜುದಾಸ್’ ಅಂತ ಕೂಗಿ ಕರೆದ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಎಷ್ಟು ನೊಂದಿದ್ದರೆ ಆ ಮಾತು ಬಾಯಿಗೆ ಬರಬೇಕು! ಡಿಲನ್ ‘ನಾನು ನಿನ್ನನ್ನು ನಂಬಲ್ಲ’ ಅಂತ ಉತ್ತರ ಕೊಟ್ಟು, ಬ್ಯಾಂಡ್ ಕಡೆ ತಿರುಗಿ ಇನ್ನೂ ಜೋರಾಗಿ ನುಡಿಸಿದರು.

ಇದನ್ನು ಹಳೆಯದು ಮತ್ತು ಹೊಸದರ ಜಗಳ ಅಂತ ಹೇಳುವುದು ರೂಢಿ. ಕೇಳುಗರು ಮುಂದಾಲೋಚನೆ ಇಲ್ಲದವರು, ಕಲಾವಿದ ಕಾಲಕ್ಕಿಂತ ಮುಂದಿದ್ದ ಅಂತ. ನನಗೆ ಆ ಕೇಳುಗನ ಮೇಲೆ ಪ್ರೀತಿ ಇದೆ. ಆ ಕಾಲದ ಜಾನಪದ ಕೂಟಗಳಲ್ಲಿ ಎಲ್ಲರೂ ಕೂಡಿ ಹಾಡುತ್ತಿದ್ದರು. ಸುತ್ತ ಕೂತವರಿಗೆಲ್ಲ ಹಾಡಿನಲ್ಲಿ ಪಾಲಿತ್ತು. ಅಷ್ಟು ದೊಡ್ಡ ಬ್ಯಾಂಡಿನ ಸದ್ದಿನ ಮುಂದೆ ತನ್ನ ದನಿ ತನಗೇ ಕೇಳದಿದ್ದಾಗ ಅವನಿಗೆ ಏನನ್ನಿಸಿರಬೇಕು? ಡಿಲನ್ ದೊಡ್ಡವರು, 2016ರಲ್ಲಿ ನೊಬೆಲ್ ಬಂತು, ಅವರ ದಾರಿ ಅವರಿಗೆ ಸರಿ. ಆದರೂ ಆ ಕೂಗಿನಲ್ಲಿ ಕಳೆದುಕೊಂಡವನ ದುಃಖ ಇದೆ.

ಇದಕ್ಕೆ ಎದುರು ಉದಾಹರಣೆಯೂ ಇದೆ, ಮುಚ್ಚಿಡಬಾರದು. ಇಂಗ್ಲೆಂಡಿನ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್ ಅವರ ‘ಲೈಲಾ’ 1970ರ ಹಾಡು. ಅದರ ಗುರುತೇ ಶುರುವಿನ ಎಲೆಕ್ಟ್ರಿಕ್ ಗಿಟಾರಿನ ತುಣುಕು. ಕೇಳುಗರು ಗುನುಗುವುದು ಅದನ್ನೇ. 1992ರಲ್ಲಿ ಅವರು ಆ ತುಣುಕನ್ನೇ ತೆಗೆದುಹಾಕಿ, ಸಾದಾ ಗಿಟಾರಿನಲ್ಲಿ ಕುರ್ಚಿಯ ಮೇಲೆ ಕೂತು ನಿಧಾನವಾಗಿ ಹಾಡಿದರು. ನನ್ನ ವಾದದ ಪ್ರಕಾರ ಜನ ಸಿಟ್ಟಾಗಬೇಕಿತ್ತು. ಆಗಲಿಲ್ಲ, ಮೆಚ್ಚಿದರು. ಆ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಕೂಡ ಬಂತು. ಆದರೆ ಶುರು ಮಾಡುವ ಮುಂಚೆ ಅವರು ‘ಇದು ಯಾವ ಹಾಡು ಗುರುತಿಸಿ ನೋಡೋಣ’ ಅನ್ನುವ ಅರ್ಥದ ಮಾತು ಹೇಳಿದ್ದರು. ಗುರುತು ಹಿಡಿಯುವ ಕೆಲಸವನ್ನು ಸಭೆಗೆ ಕೊಟ್ಟರು. ಒಂದು ಪಾಲು ತೆಗೆದು ಇನ್ನೊಂದು ಪಾಲು ಕೊಟ್ಟ ಹಾಗಾಯಿತು. ನಮ್ಮ ಗಾಯಕರು ಎಷ್ಟು ಜನ ಹೀಗೆ ಒಂದು ಮಾತು ಹೇಳಿ ಶುರು ಮಾಡುತ್ತಾರೆ? ‘ಈ ಹಾಡನ್ನು ನಾನು ಬೇರೆ ಥರ ಕೇಳಿಸಿಕೊಂಡಿದ್ದೇನೆ, ನಿಮಗೂ ಕೇಳಿಸಬೇಕು ಅಂತ ಆಸೆ’ ಅಂದರೆ ಸಾಕು. ನಮ್ಮ ಜನ ಮೈಯೆಲ್ಲ ಕಿವಿಯಾಗಿ ಕೂರುತ್ತಾರೆ.

ಇಷ್ಟು ಹೊತ್ತು ಕೇಳುಗರ ಪರವಾಗಿಯೇ ಮಾತಾಡಿದೆ. ನಮ್ಮ ಅಕ್ಕನ ಮಗಳು ಚಿಕ್ಕಮಗಳೂರಿನಲ್ಲಿ ಶಾಲೆಯ ಟೀಚರ್. ಸುಗಮ ಸಂಗೀತ ಹಾಡುತ್ತಾಳೆ. ಕುವೆಂಪು ಕಲಾಮಂದಿರದಲ್ಲಿ ಹಾಡಿದ್ದಾಳೆ, ಮೂಡಿಗೆರೆ, ಕಡೂರಿಗೂ ಹೋಗುತ್ತಾಳೆ. ಈ ವಿಷಯ ತೆಗೆದರೆ ಅವಳು ನನ್ನನ್ನು ಸುಮ್ನೆ ಬಿಡುವುದಿಲ್ಲ.

“ಮಾವ, ನೀವು ಆ ಹಾಡನ್ನ ತಿಂಗಳಿಗೊಮ್ಮೆ ಕೇಳ್ತೀರಿ. ನಾನು ದಿನಾ ಹಾಡ್ತೀನಿ. ಒಂದೇ ಥರ ಹಾಡ್ತಾ ಹಾಡ್ತಾ ಅದರ ಮಾತು ನನಗೇ ಕೇಳಿಸದ ಹಾಗೆ ಆಗ್ಬಿಡುತ್ತೆ. ಬದಲಾಯಿಸಿದಾಗ ಮತ್ತೆ ಕೇಳಿಸುತ್ತೆ.”

ಈ ಮಾತು ನನ್ನ ಮನಸ್ಸಿಗೆ ನಾಟಿತು. ಬದಲಾವಣೆ ಅಂದರೆ ಹೆಚ್ಚಿನ ಕೇಳುಗರು ಅಹಂಕಾರ ಅಂದುಕೊಳ್ಳುತ್ತಾರೆ, ‘ನಾನು ಮೂಲದವರಿಗಿಂತ ಮೇಲು’ ಅಂತ ತೋರಿಸುವುದು ಅಂತ. ಅವಳಿಗೆ ಅದು ಹಾಡಿನ ಹತ್ತಿರ ಮತ್ತೆ ಹೋಗುವ ದಾರಿ. ಬೇರೆ ಕಾರಣಗಳೂ ಇವೆ. ನೆಗಡಿ ಆಗಿದ್ದರೆ ಶ್ರುತಿ ಒಂದು ಮನೆ ಇಳಿಸಬೇಕು. ಕೊಳಲಿನವರು ಬರದಿದ್ದರೆ ಕೊಳಲಿನ ಭಾಗವನ್ನು ಬಿಡಬೇಕು. ಗಂಡಸರು ಹಾಡಿದ ಹಾಡನ್ನು ಹೆಂಗಸರು ಹಾಡುವಾಗ ಮೇಲಿನ ಸ್ವರಗಳ ಲೆಕ್ಕವೇ ಬೇರೆ. ವಯಸ್ಸಾದ ಗಾಯಕರ ಕಂಠ ಇಳಿಯುತ್ತದೆ, ಮೇಲಿನ ಷಡ್ಜ ಮುಟ್ಟಲು ಆಗುವುದಿಲ್ಲ, ಅಲ್ಲಿ ಧಾಟಿ ತಿರುಗಿಸಿಕೊಳ್ಳುತ್ತಾರೆ. ಅದನ್ನು ತಪ್ಪು ಅನ್ನುವವರು ಕಲ್ಲುಮನಸ್ಸಿನವರು.

ಮತ್ತೊಂದು ಕಾರಣ ಅವಳು ಹೇಳುವ ತನಕ ನನಗೆ ಹೊಳೆದಿರಲಿಲ್ಲ. ಸಮಯ. ಸಂಜೆ ಆರಕ್ಕೆ ಅಂತ ಕರೆಯೋಲೆಯಲ್ಲಿ ಇರುತ್ತದೆ. ಗಣ್ಯರು ಬರುವುದು ಏಳೂವರೆಗೆ. ದೀಪ, ಸ್ವಾಗತ, ಹಾರ, ಶಾಲು, ನೆನಪಿನ ಕಾಣಿಕೆ, ಭಾಷಣದ ಮೇಲೆ ಭಾಷಣ. ಒಂಬತ್ತಕ್ಕೆ ಸಂಘಟಕರು ಪಕ್ಕದಲ್ಲಿ ಬಂದು ‘ಮೇಡಂ, ಆರು ಹಾಡು ಬೇಡ, ಮೂರು ಸಾಕು, ಚಿಕ್ಕದಾಗಿ’ ಅನ್ನುತ್ತಾರೆ. ಆಗ ಯಾವುದನ್ನು ಕತ್ತರಿಸುವುದು? ಚರಣ ಬಿಟ್ಟರೆ ಕವಿತೆ ಅರ್ಧ ಆಗುತ್ತದೆ. ಆಲಾಪ ಮೊದಲೇ ಇಲ್ಲ. ಉಳಿದಿದ್ದು ಪಲ್ಲವಿಯ ಪುನರಾವರ್ತನೆ. ಅದನ್ನೇ ಕತ್ತರಿಸುತ್ತಾರೆ. ಹಾಡುಗಾರರು ಬಯಸಿ ಮಾಡಿದ್ದಲ್ಲದ ಬದಲಾವಣೆಗೆ ಅವರೇ ಬೈಸಿಕೊಳ್ಳುತ್ತಾರೆ. ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಹಾಡು ಕೇಳಲು ಜನರನ್ನು ಕರೆದ ಮೇಲೆ ಹಾಡಿಗೆ ಹೊತ್ತು ಕೊಡಬೇಕು.

ಪುನರಾವರ್ತನೆ ಅಂದಾಗ ನಾಡಗೀತೆಯ ಮಾತು ಬರಲೇಬೇಕು. ಅದು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಗೆ ಸೇರಿದ ಕತೆ. ಕವಿ ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಅವರ ಹುಟ್ಟಿದ ದಿನವೂ ಡಿಸೆಂಬರ್ 29. ಅವರ ಕವಿತೆಯನ್ನು ಸರ್ಕಾರ ನಾಡಗೀತೆ ಅಂತ ಒಪ್ಪಿದ್ದು 2004ರಲ್ಲಿ. ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿ ಇತ್ತು, ಅಶ್ವತ್ಥರ ಧಾಟಿಯೂ ಇತ್ತು. ಯಾವುದು ಸರಿ ಅಂತ ವರ್ಷಗಟ್ಟಲೆ ವಾದ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು: ಅನಂತಸ್ವಾಮಿಯವರ ಧಾಟಿ, ಆಲಾಪ ಇಲ್ಲ, ಪುನರಾವರ್ತನೆ ಇಲ್ಲ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು. ಗಾಯಕರೊಬ್ಬರು ಹೈಕೋರ್ಟಿಗೆ ಹೋದರು. 2024ರಲ್ಲಿ ಅರ್ಜಿ ವಜಾ ಆಯಿತು.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಒಂದು ಧಾಟಿಗಾಗಿ ಕೋರ್ಟು! ನನಗೆ ಸಹಜ ಅನ್ನಿಸಿತು. ನಾಡಗೀತೆಯನ್ನು ಕೂತು ಕೇಳುವುದಿಲ್ಲ, ನಿಂತು ಹಾಡುತ್ತೇವೆ. ಅಲ್ಲಿ ಪಲ್ಲವಿ ಮಾತ್ರ ಅಲ್ಲ, ಪೂರ್ತಿ ಹಾಡೇ ಜನರ ಪಾಲು. ಒಂದು ಶಾಲೆಯ ಮಕ್ಕಳು ಒಂದು ಧಾಟಿ ಕಲಿತು, ಇನ್ನೊಂದು ಶಾಲೆಯವರು ಬೇರೆ ಕಲಿತು, ತಾಲ್ಲೂಕು ಮಟ್ಟದಲ್ಲಿ ಒಟ್ಟಿಗೆ ನಿಂತಾಗ ಆಗುವ ಗೊಂದಲವನ್ನು ಟೀಚರ್ ಆಗಿರುವ ಅಕ್ಕನ ಮಗಳು ಕಣ್ಣಾರೆ ಕಂಡಿದ್ದಾಳೆ. ಶಾಲೆಗೆ, ಸರ್ಕಾರಿ ಸಮಾರಂಭಕ್ಕೆ ಒಂದು ಧಾಟಿ ಗೊತ್ತು ಮಾಡಿದ್ದು ಸರಿ. ಆದರೆ ಸಂಗೀತದ ವೇದಿಕೆಯಲ್ಲಿ ಅಶ್ವತ್ಥರ ಧಾಟಿ ಮರೆಯಾಗಬಾರದು. ಚನ್ನರಾಯಪಟ್ಟಣದವರು ಕಟ್ಟಿದ ಧಾಟಿ ಚನ್ನರಾಯಪಟ್ಟಣದಲ್ಲೇ ಕೇಳದ ಹಾಗೆ ಆದರೆ ಅದು ನಮ್ಮ ನಷ್ಟ.

ಈ ನವೆಂಬರಿಗೆ ಅಕ್ಕನ ಮಗಳ ಕಾರ್ಯಕ್ರಮ ಇದೆ, ರಾಜ್ಯೋತ್ಸವದ ಲೆಕ್ಕದಲ್ಲಿ. ಮೊನ್ನೆ ಫೋನಿನಲ್ಲಿ ಹಾಡುಗಳ ಪಟ್ಟಿ ಓದಿದಳು. ಹೊಸ ಕವಿತೆಯೊಂದಕ್ಕೆ ಅವಳೇ ರಾಗ ಹಾಕಿದ್ದಾಳೆ, ಅದನ್ನು ಮೊದಲಿಗೇ ಇಟ್ಟುಕೋ ಅಂದೆ. ಜನರ ಕಿವಿ ದಣಿಯುವ ಮುಂಚೆ ಹಾಡಿದರೆ ಅದಕ್ಕೂ ಒಂದು ಬದುಕು ಸಿಗುತ್ತದೆ. ಒಪ್ಪಿದಳು. ಎಲ್ಲರಿಗೂ ಗೊತ್ತಿರುವ ಇನ್ನೊಂದು ಭಾವಗೀತೆಯ ಪಲ್ಲವಿಯನ್ನು ಮಾತ್ರ ಬದಲಾಯಿಸಿಯೇ ಹಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾನು ಯಾಕೆ ಅಂತ ಕೇಳಿದೆ.

“ಆ ಸಾಲು ಒಂದು ಪ್ರಶ್ನೆ ಮಾವ. ಕವಿ ಕೇಳ್ತಿದ್ದಾರೆ. ನಾವೆಲ್ಲ ಅದನ್ನ ಉತ್ತರ ಸಿಕ್ಕವರ ಹಾಗೆ ಜೋರಾಗಿ ಹಾಡ್ತೀವಿ. ಒಂದ್ಸಲನಾದ್ರೂ ಪ್ರಶ್ನೆ ಥರ ಹಾಡಬೇಕು ನಂಗೆ.”

ಫೋನ್ ಇಟ್ಟ ಮೇಲೆ ಆ ಸಾಲನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ಹೌದು, ಪ್ರಶ್ನೆಯೇ. ಇಷ್ಟು ವರ್ಷ ಹಾಡುತ್ತಿದ್ದರೂ ನನಗದು ಕೇಳಿಸಿರಲಿಲ್ಲ. ಮಾತಿನಿಂದಲೇ ಹುಟ್ಟಿದ ಬದಲಾವಣೆಗೆ ನಾನು ಹೇಗೆ ಬೇಡ ಅನ್ನಲಿ? ಮಾರನೇ ದಿನ ನಾನೇ ಫೋನ್ ಮಾಡಿದೆ. ಹಾಗೇ ಹಾಡು, ಶುರುವಿಗೆ ಮುಂಚೆ ಈ ಪ್ರಶ್ನೆಯ ಮಾತನ್ನು ಸಭೆಗೆ ಹೇಳು, ಕೊನೆಯ ಸಲ ಪಲ್ಲವಿ ಬರುವಾಗ ಒಂದು ಸಲ ಹಳೆಯ ಧಾಟಿಗೆ ಬಾ, ನಾವೂ ಹಾಡುತ್ತೇವೆ ಅಂದೆ. ಮೊದಲಿನ ಎರಡಕ್ಕೂ ಆಯ್ತು ಅಂದಳು. ಮೂರನೆಯದಕ್ಕೆ “ನೋಡೋಣ ಮಾವ” ಅಂದಿದ್ದಾಳೆ.